ತೂಕ ಸರಿಯಾಗಿದೆ

ವಿಯಾನಾದಿಂದ ಮೊದಲ ರೈಲು, ಪೋರ್ಟೊದಲ್ಲಿ ಬಸ್ಸು,
ಗೊಂಡೊಮಾರ್ ಮುಟ್ಟುವಾಗ ಶನಿವಾರದ ಒಂಬತ್ತು.
ಏಳು ಜನ ನಾವು: ಹಲ್ಲಿನ ಡಾಕ್ಟರು, ಹೊಸ ಗಂಡಹೆಂಡಿರು,
ಎರಡು ಕನ್ನಡಕ ತಂದ ನಿವೃತ್ತ ನೋಟರಿ, ಅವರ ತಂಗಿ,
ಯಾರ ಜತೆಗೂ ಮಾತಾಡದ ಒಬ್ಬ ಹುಡುಗಿ,
ಮತ್ತು ನಾನು, ಅಡೆರಿತು, ಹಡಗಿನ ಬೆಸುಗೆಯವನು,
ಹನ್ನೆರಡು ಮಿಲಿಮೀಟರ್ ಉಕ್ಕಿಗಿಂತ ತೆಳುವಾದುದನ್ನು
ಮೂವತ್ತು ವರ್ಷ ಮುಟ್ಟದವನು.

ದೋನಾ ಫೆಲಿಜ್ಮೀನ ನನ್ನ ಬೆರಳು ನೋಡಿದರು.
ಏನೂ ಅನ್ನಲಿಲ್ಲ. ದೊಡ್ಡ ಚಿಮ್ಮಟ ಕೊಟ್ಟರು.

ಜಂತ್ರದ ತೂತುಗಳು, ಒಂದಕ್ಕಿಂತ ಒಂದು ಕಿರಿದು;
ಎಳೆದಷ್ಟೂ ಬೆಳ್ಳಿ ಉದ್ದ, ಎಳೆದಷ್ಟೂ ಬಡಕಲು,
ಕೊನೆಗೆ ಕೂದಲು. ಎರಡು ಕೂದಲು ಹೊಸೆದು
ಉರುಳೆಯಡಿ ಒತ್ತಿದರೆ ಅಂಚಿಗೆ ಹಲ್ಲು ಮೂಡುತ್ತದೆ,
ಇರುವೆಗೆ ಗರಗಸ ಬೇಕಾದರೆ ಅಷ್ಟಿದ್ದೀತು.

ಚೌಕಟ್ಟು ಅವರೇ ಮಾಡಿಟ್ಟಿದ್ದರು: ಹೃದಯ,
ತುದಿ ಒಂದು ಕಡೆಗೆ ಸೊಟ್ಟ.
ಇದಕ್ಕೆ ನಮ್ಮೂರಿನ ಹೆಸರು. ನಮ್ಮೂರಲ್ಲಿ
ತೊಡುತ್ತಾರೆ, ಮಾರುತ್ತಾರೆ;
ಒಳಗು ತುಂಬುವ ಕೈ ಈ ಕಡೆಯದು.

ತುಂಬುವವಳು. ಅದೇ ಅವರ ಕಸುಬಿನ ಹೆಸರು,
ಅಡಿಗೆಮನೆಯ ಮೇಜು, ಅಮ್ಮನ ಮಗ್ಗುಲು, ಏಳರ ವಯಸ್ಸಿಗೇ.
ಸೋಮವಾರ ಅಂಗಡಿಯವರು ತಂತಿ ತೂಗಿ ಕೊಡುವರು,
ಶುಕ್ರವಾರ ಒಡವೆ ತೂಗಿ ತಕ್ಕೊಳ್ಳುವರು,
ಗುಲಗಂಜಿಯಷ್ಟು ಕಡಿಮೆ ಬಂದರೂ ಕೂಲಿಯಲ್ಲಿ ಮುರಿಯುವರು.
"ಅಕ್ಕಸಾಲಿ ಕದಿಯುತ್ತಾನೆ ಅಂತ ಊರೂರಿಗೂ ಗಾದೆ;
ಅಕ್ಕಸಾಲಿಯಿಂದ ಕದ್ದವರಿಗೆ ಒಂದಾದರೂ ಇದೆಯೇ?"
ಶುಕ್ರವಾರ ಬೆಳಿಗ್ಗೆ ಅವರಮ್ಮ
ಬೆಕ್ಕನ್ನು ಕಾಗದದ ಮೇಲೆ ನಿಲ್ಲಿಸಿ ಬಾಚುತ್ತಿದ್ದಳಂತೆ.
ಡಾಕ್ಟರು ನಕ್ಕು, ಬೆಕ್ಕಿನ ಹೆಸರೇನು ಎಂದರು.
"ಹೆಸರಿಡುವಷ್ಟು ಹೊತ್ತೆಲ್ಲಿತ್ತು?"

ನಾನು ಹೇಳಲಿಲ್ಲ. ಹಡಗುಕಟ್ಟೆಗೆ ಬೀಗ ಬಿದ್ದ ವರ್ಷ
ಝುಲ್ಮೀರಳ ಅಜ್ಜಿಯ ಚಿನ್ನದ ಹೃದಯವನ್ನು
ಸ್ಟೇಶನ್ನಿನ ಎದುರು, ಹಳೆ ಚಿನ್ನ ಕೊಳ್ಳುವಲ್ಲಿ, ಮಾರಿದೆವು.
ತಕ್ಕಡಿಯ ಮೇಲೆ ಅದು ಏನೂ ಅಲ್ಲ,
ಮುಕ್ಕಾಲು ಪಾಲು ಗಾಳಿ.
ಹಲಗೆಯಲ್ಲಿ ಗಾಳಿಗೆ ದರ ಬರೆದಿರಲಿಲ್ಲ.
ರಸೀದಿಗೆ ಸಹಿ ನನ್ನದು. ಅವಳು ಹೊರಗೆ ನಿಂತು
ಬಸ್ಸಿನ ವೇಳಾಪಟ್ಟಿ ಓದುತ್ತಿದ್ದಳು.
ನಾವು ನಡೆದೇ ಬಂದಿದ್ದೆವು.

ಭಾನುವಾರ.
ಉಸಿರು ಬಿಟ್ಟರೆ ಹಾರುವ ಸುರುಳಿಗಳು
ಒಂದರ ಪಕ್ಕೆಗೆ ಒಂದು ಒತ್ತಿ,
ಅಂಟಿಲ್ಲ, ಬೆಸುಗೆಯಿಲ್ಲ, ಬರೀ ಇಕ್ಕಟ್ಟಿನಿಂದಲೇ ನಿಂತವು,
ಸಂಜೆ ಆರರ ಬಸ್ಸಿನ ಜನರ ಹಾಗೆ.
ಬಿಳಿಗಾರ ಬೆರೆಸಿದ ಪುಡಿಯನ್ನು ಮೀನಿಗೆ ಉಪ್ಪು ಹಾಕುವಂತೆ
ಮೇಲಿಂದ ಉದುರಿಸಿ, ಉರಿಯನ್ನು ನನ್ನ ಕೈಗಿತ್ತರು.
ಇದು ನನ್ನ ಸೀಮೆ ಅಂದುಕೊಂಡೆ.
ಉಕ್ಕು ಯೋಚಿಸಿ ಕರಗುತ್ತದೆ.
ಇದು ಯೋಚಿಸಲಿಲ್ಲ:
ಕೆಂಪಾಯಿತು, ಹೊಳೆಯಿತು, ಎಡಭಾಗವೆಲ್ಲ
ಮುಷ್ಟಿ ಬಿಗಿದಂತೆ ಮುದುಡಿ
ಒಂದು ಹನಿ.

ಯಾರಿಗೂ ಏನು ಹೇಳುವುದೋ ತಿಳಿಯಲಿಲ್ಲ.
ಮಾತಾಡದ ಹುಡುಗಿ "ಅಯ್ಯೋ" ಅಂದಳು, ಎರಡು ದಿನಕ್ಕೆ ಒಂದೇ ಮಾತು.
ದೋನಾ ಫೆಲಿಜ್ಮೀನ ಅದನ್ನು ಆಮ್ಲಕ್ಕೆ ಅದ್ದಿ, ತೊಳೆದು, ಒರೆಸಿ,
ತಕ್ಕಡಿಗಿಟ್ಟು, ಮುಳ್ಳು ನಿಲ್ಲುವವರೆಗೆ ಕಾದರು.
"ತೂಕ ಸರಿಯಾಗಿದೆ."
ಅದು ಸಮಾಧಾನವೋ, ಶುಕ್ರವಾರಗಳ ಹಳೇ ಅಭ್ಯಾಸವೋ.
ಆಮೇಲೆ ಮೇಜಿನಡಿಯ ಚರ್ಮದ ಜೋಳಿಗೆ ಕೊಡವಿ
ನನ್ನ ತೋಳು, ಮಡಿಲು, ಉಗುರಿನ ಸಂದುಗಳನ್ನೆಲ್ಲ
ಮೊಲದ ಕಾಲಿನಿಂದ ಗುಡಿಸಿಕೊಂಡರು.
ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ರಾತ್ರಿ ಝುಲ್ಮೀರ ಅದನ್ನು ದೀಪಕ್ಕೆ ಎತ್ತಿ ಹಿಡಿದಳು.
ಮೇಜಿನ ಮೇಲೆ ಬಲಗಡೆ ಜರಡಿಯ ನೆರಳು,
ಎಡಗಡೆ ಹೆಬ್ಬೆಟ್ಟು ಒತ್ತಿದಂತೆ ಕಪ್ಪು.
"ಊಟ ಮಾಡಿದೆಯಾ ಅಲ್ಲಿ?" ಎಂದಳು. ಮಾಡಿದೆ ಎಂದೆ.
ಹತ್ತಿರ ಬಂದು, ತೋರುಬೆರಳು ನಾಲಗೆಗೆ ತಾಗಿಸಿ,
ನನ್ನ ಹುಬ್ಬಿನಿಂದ ಏನೋ ತೆಗೆದಳು.
ಒಂದು ಮಿಣುಕು. ಮೊಲದ ಕಾಲಿಗೆ ಸಿಗದೇ ಬಂದದ್ದು.
ಬೆರಳನ್ನು ಹಾಗೇ ಎತ್ತಿ ಹಿಡಿದು ನಿಂತಳು,
ಎಲ್ಲಿಡಬೇಕೆಂದು ತಿಳಿಯದೆ.